ಸಕಲ ಹಕ್ಕಿಗಳು

‘ಹಕ್ಕ’ ಎಂಬಲ್ಲಿಗೆ ಬಂದು ಅವಳ ಬೆರಳು ನಿಂತಿತು. ಅದುವರೆಗಿನ ಹದಿನಾರು ವಿಷಯಗಳೂ ಸಲೀಸಾಗಿ ಇಳಿದಿದ್ದವು: ಬೀದಿದೀಪದ ಕಂಬಗಳಿಗೆ ಬಣ್ಣ ಬಳಿಯುವುದು, ಸ್ಮಶಾನದ ಗೇಟಿಗೆ ಹೊಸ ಬೀಗ, ಸದಸ್ಯರೊಬ್ಬರು ಮೂರನೇ ಸಲ ಕೇಳುತ್ತಿರುವ ಕುರ್ಚಿಯ ದಿಂಬು. ಹದಿನೇಳನೆಯದೂ ಒಂದೇ ಓಟದಲ್ಲಿ ಮುಗಿಯಬೇಕಿತ್ತು, ಒಂದೂವರೆ ಸಾಲಿನ ತಿದ್ದೋಲೆ ಅಷ್ಟೇ. ಆದರೆ ‘ಹಕ್ಕ’ ಆದಮೇಲೆ ಕೊಂಬೋ ಗುಡಿಸೋ ಏನಾದರೊಂದು ಬೀಳಬೇಕಲ್ಲ, ಅದು ಬೀಳದೆ ಪರದೆಯ ಮೇಲೆ ಕಪ್ಪು ಕಡ್ಡಿಯೊಂದು ಮಿಟುಕುತ್ತ ನಿಂತಿತು. ಗುಡಿಸು ಕೊಟ್ಟರೆ ಹಕ್ಕಿ, ಕೊಂಬು ಕೊಟ್ಟರೆ ಹಕ್ಕು. ಒಂದನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಈ ವ್ಯತ್ಯಾಸ ಇಪ್ಪತ್ತಮೂರು ವರ್ಷದ ಹಿಂದೆ ತನ್ನೊಬ್ಬಳಿಗೆ ಗೊತ್ತಿರಲಿಲ್ಲವೆಂದು ಈ ನಗರಸಭೆಯ ಕಚೇರಿಯಲ್ಲಿ ಮೇಜುಕುರ್ಚಿಗಳೂ ನಂಬಿಕೊಂಡಿದ್ದವು. ಅಂದಿನಿಂದ ಅವಳು ‘ಹಕ್ಕಿ’ ಎಂಬ ಪದವನ್ನು ಒಮ್ಮೆಯೂ ಬೆರಳಚ್ಚು ಮಾಡಿರಲಿಲ್ಲ. ಕೋಳಿಜ್ವರದ ಸುತ್ತೋಲೆ ಬಂದಾಗ ಕೂಡ ‘ಪಕ್ಷಿ’ ಎಂದು ಹೊಡೆದು ಪಾರಾಗಿದ್ದಳು. ಈಗ ತಪ್ಪನ್ನು ತಿದ್ದಬೇಕೆಂದರೆ ಮೊದಲು ಆ ತಪ್ಪನ್ನೇ ಇನ್ನೊಮ್ಮೆ, ಸರಿಯಾಗಿ, ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಹೊಡೆಯಬೇಕಿತ್ತು.

“ಹಕ್ಕಿ ಮೇಡಂ, ಟೀ ಆರ್ತಿದೆ,” ಎಂದಳು ಪಕ್ಕದ ಮೇಜಿನ ಜನನ ಮರಣದ ಗುಮಾಸ್ತೆ. ಅವಳು ಕೆಲಸಕ್ಕೆ ಸೇರಿ ಮೂರೇ ವರ್ಷ. ಈ ಹೆಸರು ಎಲ್ಲಿಂದ ಬಂತೆಂದು ಅವಳಿಗೆ ತಿಳಿದಿದೆಯೋ ಇಲ್ಲವೋ. ಹೆಂಗಸಿನ ಮೂಗು ಸ್ವಲ್ಪ ಮೊನಚಾಗಿದೆ, ಅದಕ್ಕೇ ಇರಬೇಕು ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಆಗ ಕಂಪ್ಯೂಟರ್ ಇರಲಿಲ್ಲ, ಕಬ್ಬಿಣದ ಬೆರಳಚ್ಚು ಯಂತ್ರ. ಊರಿನ ಅಂಚಿನಲ್ಲಿ ಜೊಂಡು ಬೆಳೆದು ಕಾಲಿಟ್ಟರೆ ಮೊಣಕಾಲುಮಟ್ಟ ಹೂಳುವ ಜೌಗು ನೆಲವೊಂದಿತ್ತು. ಮುಂದೆಂದಾದರೂ ಒಳ್ಳೆಯ ಗಿರಾಕಿ ಬರಬಹುದೆಂದು ಅಂದಿನ ಸದಸ್ಯರು ದೂರಾಲೋಚನೆ ಮಾಡಿ ಒಂದು ನಿರ್ಣಯ ಮಾಡಿದ್ದರು. ‘ಸದರಿ ಜೌಗು ನೆಲದ ಮೇಲಿನ ಸಕಲ ಹಕ್ಕುಗಳನ್ನು ನಗರಸಭೆಯು ಉಳಿಸಿಕೊಳ್ಳತಕ್ಕದ್ದು.’ ಅವಳ ಕೈಯಲ್ಲಿ ಅದು ‘ಸಕಲ ಹಕ್ಕಿಗಳನ್ನು ಉಳಿಸಿಕೊಳ್ಳತಕ್ಕದ್ದು’ ಎಂದಾಯಿತು. ಇಪ್ಪತ್ತೇಳು ಜನ ಸದಸ್ಯರು, ಅಧ್ಯಕ್ಷರು, ಇಬ್ಬರು ಅಧಿಕಾರಿಗಳು ಅದರ ಕೆಳಗೆ ರುಜು ಹಾಕಿದರು. ವಾಕ್ಯದಲ್ಲಿ ಎಡವುವಂಥದ್ದೇನೂ ಇರಲಿಲ್ಲ ನೋಡಿ. ‘ಉಳಿಸಿಕೊಳ್ಳು’ ಎಂಬ ಆ ಒಂದು ಮಾತು ಹಕ್ಕಿಗೂ ಸೈ, ಹಕ್ಕಿಗೂ ಸೈ ಎನ್ನುವಂತೆ ಎರಡು ಕಡೆಯೂ ತಲೆಯಾಡಿಸಿಕೊಂಡು ಕೂತಿತ್ತು. (ಹೀಗೆ ನೆನೆಯುವಾಗಲೂ ಅವಳಿಗೆ ಕಿರಿಕಿರಿ. ವಿಭಕ್ತಿ ಹಚ್ಚಿದರೆ ಹಕ್ಕಿಗೂ ಹಕ್ಕಿಗೂ ಕಿವಿಗೆ ಒಂದೇ. ಹಾಳು ಭಾಷೆ, ಬೇಕೆಂದೇ ತನ್ನ ಮೇಲೆ ಹೊಂಚು ಹಾಕಿದ ಹಾಗೆ.) ಎರಡು ವರ್ಷದ ಮೇಲೆ ಗಿರಾಕಿ ಬಂದ. ಜೌಗಿಗೆ ಮಣ್ಣು ತುಂಬಲು ಲಾರಿಗಳು ಬಂದು ನಿಂತವು. ಆಗ ನಿವೃತ್ತಿಗೆ ಹತ್ತಿರವಾಗಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು ಎಲ್ಲಿಂದಲೋ ಆ ನಿರ್ಣಯದ ನಕಲು ತೆಗೆಸಿಕೊಂಡು ಬಂದು, ತುಂಬಿದ ಸಭಾಂಗಣದಲ್ಲಿ, ಪಾಠ ಓದುವ ದನಿಯಲ್ಲಿ ಓದಿಬಿಟ್ಟರು. ಓದದೆ ರುಜು ಹಾಕಿದೆವು ಎಂದು ಇಪ್ಪತ್ತೇಳು ಜನ ಒಟ್ಟಿಗೆ ಹೇಳುವುದು ಹೇಗೆ? ಅಧ್ಯಕ್ಷರು ಎದ್ದು ನಿಂತು ಕೆಮ್ಮಿ, “ಹೌದು, ಹಕ್ಕಿ ಅಂದ್ರೆ ನಮ್ಮ ಸಭೆಗೆ ಮೊದಲಿಂದ್ಲೂ ಪ್ರಾಣ,” ಎಂದರು. ಹಾಗೆ ಹೇಳಿದ ಮೇಲೆ ಒಂದು ಬೋರ್ಡು ಹಾಕದೆ ವಿಧಿಯಿರಲಿಲ್ಲ. ‘ಸಾರ್ವಜನಿಕ ಪಕ್ಷಿಧಾಮ. ಎಲ್ಲರಿಗೂ ಪ್ರವೇಶ.’ ಎಂಟು ಕಲ್ಲುಬೆಂಚು, ನೀರಿನ ಸುತ್ತ ಒಂದು ಮಣ್ಣುದಾರಿ.

ಊರಿಗೆ ಅಷ್ಟು ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಈ ಹೆಸರು. “ಮೇಡಂ, ನನ್ನ ಅರ್ಜಿ ಹುಷಾರು. ಬಡ್ತಿ ಅಂತ ಇರೋದನ್ನ ಬತ್ತಿ ಅಂತ ಹೊಡೆದು ನನಗೆ ಬತ್ತಿ ಇಟ್ಟುಬಿಟ್ಟೀರಿ,” ಎಂದು ಲೆಕ್ಕದವನು. “ನೆಲದ ಮೇಲಿನ ಹಕ್ಕಿ ನಗರಸಭೇದು, ಸರಿ. ಹಾರಿಹೋದದ್ದು ಯಾರದು ಮೇಡಂ?” ಎಂದು ನೀರು ಸರಬರಾಜಿನವನು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ ಕೂಡ, ಕಣ್ಣು ಪರೀಕ್ಷೆಗೆ ಬಂದವರನ್ನು ನಗಿಸಲು ಇದೇ ಕಥೆ ಹೇಳಿ, ಕೊನೆಗೆ, “ಅವತ್ತು ಕನ್ನಡಕ ಹಾಕಿದ್ದಿದ್ರೆ ಹೀಗಾಗ್ತಿರಲಿಲ್ಲ,” ಎಂದು ವ್ಯಾಪಾರವನ್ನೂ ಕುದುರಿಸುತ್ತಿದ್ದ. ಅವಳು ನಕ್ಕಳು. ನಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಅವಳ ಕೈಯಿಂದ ಒಂದು ಒತ್ತು, ಒಂದು ಅರ್ಕಾವೊತ್ತು ತಪ್ಪಿ ಬಿದ್ದದ್ದಿಲ್ಲ. ಬಸ್ಸಿನಲ್ಲಿ ಕೂತರೂ ಕಣ್ಣು ಅಂಗಡಿಗಳ ಬೋರ್ಡು ತಿದ್ದುತ್ತ ಹೋಗುತ್ತಿತ್ತು. ನಿಲ್ದಾಣದ ಎದುರಿಗೆ ‘ತಾಜಾ ಹೆಣ್ಣಿನ ರಸ’ ಎಂಬುದನ್ನು ಕಂಡು ತಡೆಯಲಾರದೆ ಇಳಿದು ಹೋಗಿ ಹೇಳಿದಾಗ ಅಂಗಡಿಯವನು ಹಲ್ಲು ಕಿರಿದು, “ಇರ್ಲಿ ಬಿಡಿ ಅಕ್ಕ, ಬೋರ್ಡ್ ಬದಲಾದ ಮೇಲೆ ಗಿರಾಕಿ ಜಾಸ್ತಿ,” ಎಂದಿದ್ದ. ಜಗತ್ತಿನಲ್ಲಿ ತಪ್ಪಿನಿಂದ ಎಲ್ಲರಿಗೂ ಏನಾದರೊಂದು ದಕ್ಕುತ್ತದೆ, ತಪ್ಪು ಮಾಡಿದವಳಿಗೆ ಮಾತ್ರ ಏನೂ ಇಲ್ಲ ಎಂದುಕೊಂಡು ಅವಳು ಮುಂದಿನ ಬಸ್ಸು ಹಿಡಿದಿದ್ದಳು.

ಮೇಲ್ವಿಚಾರಕರು ಬಂದು ಮೇಜಿನ ಅಂಚಿಗೆ ಒರಗಿದರು. ಯಾವ ಮಾತನ್ನೂ ‘ಅಷ್ಟೇ’ ಎಂದು ಮುಗಿಸದಿದ್ದರೆ ಅವರಿಗೆ ಬಾಗಿಲು ಹಾಕದೆ ಮನೆಯಿಂದ ಹೊರಟ ಹಾಗೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ಅಷ್ಟೇ ಸಾರ್ ಎಂದೇ ಕರೆಯುತ್ತಿದ್ದರು.

“ಆಯ್ತಾ ಮೇಡಂ ಹದಿನೇಳು?”

“ಆಗ್ತಿದೆ ಸಾರ್.”

“ಏನಿದೆ ಅದರಲ್ಲಿ? ಒಂದು ಕೊಂಬು ತಾನೇ? ಇಪ್ಪತ್ತಮೂರು ವರ್ಷದಿಂದ ನಗರಸಭೆ ಕೊಂಬಿಲ್ಲದೆ ಓಡಾಡ್ತಿದೆ. ಹಾಕ್ಬಿಡಿ. ಅಷ್ಟೇ.”

“ಅಲ್ಲಿ ಏನು ಬರುತ್ತೆ ಸಾರ್?”

“ವಾಹನ ನಿಲ್ದಾಣ. ಐದಂತಸ್ತು. ಮೇಲ್ಗಡೆ ಹೋಟ್ಲು.” ಅವರು ತಗ್ಗಿದ ದನಿಯಲ್ಲಿ, ಮದುವೆಯ ಸುದ್ದಿ ಹೇಳುವವರಂತೆ, ಸೇರಿಸಿದರು: “ಹೆಸರೇನು ಗೊತ್ತಾ? ಬೆಳ್ಳಕ್ಕಿ ಸಂಕೀರ್ಣ. ಹೊಸ ಕಮಿಷನರ್ ಸಾಹೇಬರದ್ದೇ ಆಲೋಚನೆ. ಹಕ್ಕಿಗಳನ್ನ ಮರೆತ್ರು ಅಂತ ನಾಳೆ ಯಾರೂ ಅನ್ನಬಾರದಲ್ಲ.”

ಅವಳು ನಗಲಿಲ್ಲ. ಅವರು ನಕ್ಕರು.

“ನೋಡಿ, ಒಂದು ಸೂಕ್ಷ್ಮ ಇದೆ. ಒಂದು ನಿರ್ಣಯಕ್ಕೆ ಒಂದೇ ತಿದ್ದೋಲೆ, ನಿಯಮ ಹಾಗೆ. ಎರಡನೇ ಸಲ ತಿದ್ದಬೇಕು ಅಂದ್ರೆ ಊರ ಜನರನ್ನೆಲ್ಲ ಕರೆದು ಕೂರಿಸಿ ಕೇಳಬೇಕು. ಆ ಡ್ರಾಯಿಂಗ್ ಮೇಷ್ಟ್ರು ಬಿಡ್ತಾರಾ? ಅದಕ್ಕೇ ಸಾಹೇಬರು ಹೇಳಿದ್ದು, ನಲವತ್ತು ವಿಷಯದ ಮಧ್ಯ ಸದ್ದಿಲ್ಲದೆ ಹೋಗ್ಲಿ ಅಂತ. ನಾಳೆ ಹನ್ನೊಂದೂವರೆಗೆ ಸಭೆ. ಹತ್ತಕ್ಕೆ ನನ್ನ ಮೇಜಿನ ಮೇಲಿದ್ರೆ ಸಾಕು. ಜೊತೆಗೆ ಇದೊಂದು ರುಜು.”

ಅವರು ಇಟ್ಟ ಹಾಳೆಯಲ್ಲಿ ಅವಳ ಹೇಳಿಕೆಯನ್ನು ಅವಳ ಪರವಾಗಿ ಅವರೇ ಬರೆದಿದ್ದರು. ‘ಸದರಿ ಪದವು ನನ್ನ ಅಜಾಗರೂಕತೆಯಿಂದ ತಪ್ಪಾಗಿ ಬೆರಳಚ್ಚಾಗಿರುತ್ತದೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.’

“ಹೆದರಬೇಡಿ, ನಿಮಗೇನೂ ಆಗಲ್ಲ. ಇನ್ನೆರಡು ವರ್ಷ ಸರ್ವೀಸು. ಹೋಗೋ ಮುಂಚೆ ಹೆಸರಿಗೆ ಅಂಟಿರೋ ಮಸಿ ತೊಳ್ಕೊಂಡ ಹಾಗೂ ಆಯ್ತು. ಅಷ್ಟೇ,” ಎಂದು ಹೇಳಿ, ಅವಳು ಆಗಲೇ ಮುದ್ರಿಸಿಟ್ಟಿದ್ದ ಇನ್ನೊಂದು ತಿದ್ದೋಲೆಯನ್ನು, ಯಾವುದೋ ಬೀದಿಯ ಹೆಸರಿನದು, ಕೈಗೆತ್ತಿಕೊಂಡರು. ಕಿರುಬೆರಳಿನ ಉಗುರು ಮೊದಲ ಪದದ ಕೆಳಗೆ ಒಮ್ಮೆ, ಎರಡನೇ ಪದದ ಕೆಳಗೆ ಒಮ್ಮೆ ಗೀರಿತು. “ಎರಡೂ ಪದ ಇದೆ. ಎಂದು ಓದಿಕೊಳ್ಳತಕ್ಕದ್ದು, ಅದೂ ಇದೆ. ತಿದ್ದೋಲೆಗೆ ಇನ್ನೇನು ಬೇಕು?” ರುಜು ಹಾಕಿ ಹೋದರು. ಇಪ್ಪತ್ತು ವರ್ಷದಿಂದ ಅವರು ತಿದ್ದೋಲೆಗಳನ್ನು ಓದುತ್ತ ಬಂದಿರುವುದು ಹೀಗೆಯೇ, ಉಗುರಿನಿಂದ.

ಮಸಿ ತೊಳೆದುಕೊಳ್ಳುವುದು. ಆ ಮಾತು ಅವಳಿಗೆ ನಾಟಿದ್ದು ಅದು ಸುಳ್ಳೆಂದಲ್ಲ, ತನ್ನ ಆಸೆಯನ್ನು ಬೇರೆಯವರ ಬಾಯಲ್ಲಿ ಕೇಳಿದಂತಾಗಿ. ಎಷ್ಟು ಸಲ ಅವಳು ಹಳೆಯ ದಾಖಲೆಗಳ ಕೋಣೆಗೆ ಹೋಗಿ ಆ ಹಾಳೆಯನ್ನು ತೆಗೆದು ನೋಡಿದ್ದಾಳೆ. ಹಳದಿಯಾದ ಕಾಗದದ ಮೇಲೆ ಆ ಗುಡಿಸು, ಹೊಟ್ಟೆ ಉಬ್ಬಿಸಿಕೊಂಡು, ತನ್ನನ್ನು ನೋಡಿ ಹಲ್ಲು ಗಿಂಜಿದ ಹಾಗೆ ಕಾಣುತ್ತದೆ. ಬ್ಲೇಡಿನ ತುದಿಯಿಂದ ಕೆರೆದು ಒಂದು ಕೊಂಬು ಬರೆದುಬಿಡಲೇ ಎಂದು ಒಮ್ಮೆ ಬ್ಲೇಡನ್ನೂ ಒಯ್ದಿದ್ದಳು. ಜೌಗಿನ ಗತಿ ಏನಾದೀತೆಂದು ಆಗ ಅವಳಿಗೆ ಹೊಳೆದೇ ಇರಲಿಲ್ಲ. ಅವಳನ್ನು ತಡೆದದ್ದು ಒಂದೇ ಭಯ, ಕೆರೆದ ಗುರುತು ಉಳಿದರೆ ಅದೂ ಒಂದು ತಪ್ಪಾಗುತ್ತದಲ್ಲ! ಅದನ್ನು ನೆನೆದು ಈಗ ಕಿವಿ ಬಿಸಿಯಾಯಿತು. ತಾನು ಹಕ್ಕಿಗಳನ್ನು ಉಳಿಸಿದವಳಲ್ಲ, ಎರಡು ಸಲ ಕೊಲ್ಲದೆ ಬಿಟ್ಟವಳು. ಒಮ್ಮೆ ಕೈ ತಪ್ಪಿ, ಇನ್ನೊಮ್ಮೆ ಕೈ ನಡುಗಿ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಕಿಟಕಿಯ ಆಚೆ ಕೊಡೆಯೊಂದು ಕಾಣಿಸಿತು, ಅದರ ಹಿಂದೆ ಡ್ರಾಯಿಂಗ್ ಮೇಷ್ಟ್ರು. ಎಂಬತ್ತು ಮುಟ್ಟಿದ ಮನುಷ್ಯ. ಬಿಸಿಲಿರಲಿ ಇಲ್ಲದಿರಲಿ ಕೊಡೆ, ಜೇಬಿನಲ್ಲಿ ಹಕ್ಕಿಗಳ ಟಿಪ್ಪಣಿಯ ಪುಟ್ಟ ಪುಸ್ತಕ. ಬೆಳಿಗ್ಗೆ ಜೌಗಿನ ಸುತ್ತ ನಡೆಯುವವರ ಒಂದು ಗುಂಪು ಕಟ್ಟಿದ್ದರು. ಕಚೇರಿ ಆ ತಪ್ಪಿಗಾಗಿ ಅವಳನ್ನು ನೋಡಿ ನಕ್ಕರೆ, ಆ ಗುಂಪು ಅವಳನ್ನು ಪೂಜಿಸುತ್ತಿತ್ತು. ಅದು ಇನ್ನೂ ಕಷ್ಟ. ಅವರ ಕಥೆಯಲ್ಲಿ, ಅಂದು ಆ ಯುವತಿ ಬೆರಳಚ್ಚು ಮಾಡುತ್ತ ಮಾಡುತ್ತ ತಲೆಯೆತ್ತಿದಾಗ ಕಿಟಕಿಯಾಚೆ ಒಂದು ಬೆಳ್ಳಕ್ಕಿ ಹಾರಿಹೋಯಿತು, ಅವಳ ಅಂತಃಕರಣ ಕಲಕಿತು, ಅವಳು ಕೊಂಬನ್ನು ತ್ಯಾಗ ಮಾಡಿದಳು. ಅವಳು ಆಗ ಕೂರುತ್ತಿದ್ದ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದು ತೆರೆಯುತ್ತಿದ್ದದ್ದು ಗಂಡಸರ ಪಾಯಿಖಾನೆಯ ಗೋಡೆಗೆ. ಐದು ವರ್ಷದ ಹಿಂದೆ ಅವಳನ್ನು ಕರೆದು ಮರದ ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಆ ಕ್ಷಣದಲ್ಲಿ ನಿಮಗೆ ಏನನ್ನಿಸಿತು ಹೇಳಿ ಎಂದಾಗ ಅವಳು ಬಾಯಿ ತೆರೆದು, ಏನೂ ಹೊರಡದೆ, ಮುಚ್ಚಿದಳು. ಅದನ್ನವರು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಾವೇ ಬರೆದ, ಜಂಬುಕೋಳಿ ಎಂಬ ನೀರುಹಕ್ಕಿಯ ಚಿತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟರು. ಮನೆಯಲ್ಲಿ ಅತ್ತೆ ಅದನ್ನು ಎರಡು ನಿಮಿಷ ದಿಟ್ಟಿಸಿ, “ಕೋಳಿ ಚೆನ್ನಾಗಿದೆ, ಕಾಲು ಯಾಕೋ ಉದ್ದ ಆಯ್ತು,” ಎಂದು ಅಡುಗೆಮನೆಯಲ್ಲಿ ನೇತುಹಾಕಿದ್ದರು.

“ತಾಯಿ, ಸುದ್ದಿ ಬಂತು ನಮಗೆ,” ಎಂದರು ಮೇಷ್ಟ್ರು ಕಂಬಿಗಳ ಸಂದಿಯಿಂದ. “ನಾಳೆ ಸಭೆಗೆ ಬರ್ತಿದೆಯಂತೆ. ಹೌದೋ ಅಲ್ವೋ?”

“ಕಾಗದದ ವಿಷಯ ನಾನು ಹೊರಗೆ ಹೇಳೋ ಹಾಗಿಲ್ಲ ಮೇಷ್ಟ್ರೇ.”

“ಹೇಳಬೇಡಿ, ಹೇಳಬೇಡಿ. ಒಂದೇ ಒಂದು ಬರೆದುಕೊಡಿ. ‘ಬೇಕೆಂತಲೇ ಮಾಡಿದೆ, ಹಕ್ಕಿಗಳಿಗೋಸ್ಕರ ಮಾಡಿದೆ.’ ಇಷ್ಟು ಸಾಕು. ತಪ್ಪು ಅಂತ ಆದ್ರೆ ತಾನೆ ತಿದ್ದೋದು? ತಪ್ಪೇ ಅಲ್ಲ ಅಂದ್ಮೇಲೆ?”

“ನನ್ನ ಕೆಲಸ ಹೋಗುತ್ತೆ.”

“ಹೋಗುತ್ತೆ,” ಎಂದು ಮೇಷ್ಟ್ರು ಅತ್ಯಂತ ಗೌರವದಿಂದ ಒಪ್ಪಿಕೊಂಡರು. “ಆದರೆ ಆ ದಿನ ನೀವು ಅದನ್ನ ಲೆಕ್ಕಿಸಲಿಲ್ಲವಲ್ಲ!”

ಅವಳಿಗೆ ಒಳಗಿನಿಂದ ಏನೋ ಉಕ್ಕಿತು. ಇಪ್ಪತ್ತಮೂರು ವರ್ಷ ಯಾರಿಗೂ, ಗಂಡನಿಗೂ ಹೇಳದ್ದು.

“ಮೇಷ್ಟ್ರೇ, ಅವತ್ತು ನನ್ನ ಚಪ್ಪಲಿ ಕಿತ್ತುಹೋಗಿತ್ತು.”

“ಏನಂದ್ರಿ?”

“ಚಪ್ಪಲಿ. ಉಂಗುಷ್ಟ ಕಿತ್ತಿತ್ತು. ಸೇರಿ ಹನ್ನೊಂದು ದಿನ ಆಗಿತ್ತು, ಆ ಗಂಡಸರ ಮಧ್ಯ ಕಾಲು ಎಳ್ಕೊಂಡು ಹೇಗಪ್ಪಾ ಹೊರಗೆ ಹೋಗೋದು, ಯಾರ ಹತ್ರ ಪಿನ್ನು ಕೇಳೋದು ಅಂತ ಯೋಚ್ನೆ ಮಾಡ್ತಾ ಇದ್ದೆ. ಬೆಳ್ಳಕ್ಕಿನೂ ಇಲ್ಲ, ಕಾಗೆನೂ ಇಲ್ಲ. ನನ್ನ ತಲೇಲಿ ಇದ್ದದ್ದು ಚಪ್ಪಲಿ ಒಂದೇ.”

ಮೇಷ್ಟ್ರು ಕೊಡೆ ಮಡಚಿದರು. ಅಂತೂ ಮುಗಿಯಿತು, ಇನ್ನು ಈ ಪೂಜೆಯ ಕಾಟವಿಲ್ಲ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಅವರು ಜೇಬಿನಿಂದ ಪುಸ್ತಕ ತೆಗೆದು, “ಆಹಾ, ಬರಿಗಾಲು! ನೆಲ ಮುಟ್ಟಿದವರಿಗೆ ತಾನೇ ನೆಲದ ನೋವು ಗೊತ್ತಾಗೋದು?” ಎಂದು ಬರೆದುಕೊಂಡರು. ಕೊಡೆ ಬಿಚ್ಚಿಕೊಂಡು ನೆರಳಿನಲ್ಲೇ ನಡೆದುಹೋದರು.

ಮಧ್ಯಾಹ್ನದ ಮೇಲೆ ಅವಳು ಅದನ್ನು ಹೊಡೆದು ಮುಗಿಸಿದಳು. ಸರಿಯಾಗಿ. ‘ಹಕ್ಕಿಗಳನ್ನು’ ಎಂದಿರುವ ಕಡೆ ‘ಹಕ್ಕುಗಳನ್ನು’ ಎಂದು ಓದಿಕೊಳ್ಳತಕ್ಕದ್ದು. ಒಂದು ಕುಚೇಷ್ಟೆಯ ಯೋಚನೆ ಮಿಂಚಿ ಹೋಗಿರಲಿಲ್ಲ ಎಂದಲ್ಲ. ಎರಡು ಪದಗಳನ್ನು ಅದಲುಬದಲು ಮಾಡಿದರೆ? ‘ಹಕ್ಕು’ ಎಂದಿರುವ ಕಡೆ ‘ಹಕ್ಕಿ’ ಎಂದು ಓದಿಕೊಳ್ಳಿ ಎಂದರೆ? ಸುಮ್ಮನೆ ನೋಡೋಣ ಎಂದು ಹಾಗೆ ಹೊಡೆಯಹೋದಳು. ಬೆರಳು ಒಪ್ಪಲಿಲ್ಲ. ಮೂರು ಸಲ ಪ್ರಯತ್ನಿಸಿದಳು. ಮೂರು ಸಲವೂ ಅವು ತಮ್ಮಷ್ಟಕ್ಕೆ ತಾವೇ ಸರಿಯಾದದ್ದನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಶಿಸ್ತಿನ ಸೊಸೆಯರಂತೆ ಕೈಕಟ್ಟಿ ನಿಂತವು. ಇಷ್ಟು ವರ್ಷ ಕಟ್ಟಿಹಾಕಿ ಪಳಗಿಸಿದ್ದು ತಾನೇ ಅಲ್ಲವೆ. ಮುದ್ರಿಸಿದ ಹಾಳೆಯನ್ನೂ ಆ ಹೇಳಿಕೆಯನ್ನೂ ಚೀಲಕ್ಕೆ ಹಾಕಿಕೊಂಡಳು. ಅಷ್ಟೇ ಸಾರ್ ಸಾಹೇಬರ ಕೋಣೆಯಲ್ಲಿದ್ದರು. ಬೆಳಿಗ್ಗೆ ಕೊಟ್ಟರಾಯಿತು.

ಕಚೇರಿ ಬಿಡುವುದು ಐದೂವರೆಗೆ, ಬಸ್ಸು ಐದು ನಲವತ್ತಕ್ಕೆ. ಅದಾದ ಮೇಲಿನದು ಆರು ಹತ್ತಕ್ಕೆ. ಮನೆಯಲ್ಲಿ ಎಲ್ಲರೂ ನಂಬಿರುವಂತೆ ಐದು ನಲವತ್ತರ ಬಸ್ಸು ಯಾವಾಗಲೂ ತುಂಬಿರುತ್ತದೆ, ಅವಳಿಗೆ ಸಿಗುವುದೇ ಇಲ್ಲ. ಹದಿನೈದು ವರ್ಷದಿಂದ ಸಿಕ್ಕಿಲ್ಲ. ಆ ಅರ್ಧ ಗಂಟೆಯಲ್ಲಿ ಹೋಗುವ ಬರುವ ದಾರಿ ಕಳೆದು ಉಳಿಯುವ ಇಪ್ಪತ್ತು ನಿಮಿಷ ಅವಳು ಜೌಗಿನ ಎರಡನೇ ಬೆಂಚಿನಲ್ಲಿ ಕೂರುತ್ತಾಳೆ. ಹಕ್ಕಿ ನೋಡಲು ಅಲ್ಲ. ಹಕ್ಕಿಗಳ ಬಗ್ಗೆ ಅವಳಿಗೆ, ನಿಜ ಹೇಳಬೇಕೆಂದರೆ, ಒಂದು ಬಗೆಯ ಮುನಿಸಿದೆ. ಆದರೆ ಈ ಊರಿನಲ್ಲಿ ಏನನ್ನೂ ಕೊಳ್ಳದೆ, ಯಾರನ್ನೂ ಕಾಯದೆ, ಯಾಕೆ ಬಂದೆ ಎಂದು ಯಾರಿಗೂ ಉತ್ತರ ಕೊಡದೆ ಒಬ್ಬ ಹೆಂಗಸು ಕೂರಬಹುದಾದ ಜಾಗ ಇದೊಂದೇ. ಇಲ್ಲಿ ಅವಳು ಚಪ್ಪಲಿ ಬಿಚ್ಚಿ ಕಾಲು ಚಾಚುತ್ತಾಳೆ. ನೀರುಕೋಳಿಗಳು ಜೊಂಡಿನೊಳಗೆ ಜಗಳವಾಡುತ್ತವೆ. ಮಿಂಚುಳ್ಳಿಯೊಂದು ಮುರಿದ ಕಂಬದ ಮೇಲೆ ಕೂತು, ಕಚೇರಿಯಲ್ಲಿ ಕಡತ ಕಾಯುವವರ ಹಾಗೆ, ನೀರನ್ನೇ ನೋಡುತ್ತಿರುತ್ತದೆ. ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದರೂ ಅವುಗಳಿಗೆ ಎಲ್ಲಿಗೂ ಕುಂಟಿಕೊಂಡು ಹೋಗುವ ಚಿಂತೆಯಿಲ್ಲ.

ಮತ್ತು ನೀರಿನ ಆಚೆ ದಡದಲ್ಲಿ, ಆರನೇ ಬೆಂಚಿನಲ್ಲಿ, ಅತ್ತೆ.

ಮೊದಲ ಸಲ ಕಂಡದ್ದು ನಾಲ್ಕು ವರ್ಷದ ಹಿಂದೆ. ಗೆಳತಿಯ ಮನೆಗೆ ಹೋಗಿಬರುತ್ತೇನೆಂದು ದಿನಾ ನಾಲ್ಕೂವರೆಗೆ ಹೊರಡುವ ಅತ್ತೆ ಒಬ್ಬರೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಅವಳು ಚಾಚಿದ್ದ ಕಾಲನ್ನು ಒಳಗೆಳೆದುಕೊಂಡಳು. ಅದೇ ಕ್ಷಣಕ್ಕೆ ಅತ್ತೆಯೂ ತಲೆಯೆತ್ತಿದರು. ನಡುವೆ ನೂರು ಮಾರು ನೀರು, ಅದರ ಮೇಲೆ ಸಂಜೆಯ ಬಿಸಿಲು. ನೋಡಿದ್ದು ನಿಜವೋ ಸುಳ್ಳೋ ಎನ್ನುವಷ್ಟು ಹೊತ್ತು ಇಬ್ಬರೂ ನೋಡಿದರು. ಆಮೇಲೆ ಅತ್ತೆ ಸೆರಗು ಸರಿಪಡಿಸಿಕೊಂಡು ಆಕಾಶ ನೋಡತೊಡಗಿದರು, ಅವಳು ಚೀಲದೊಳಗೆ ಇಲ್ಲದ ಏನನ್ನೋ ಹುಡುಕತೊಡಗಿದಳು. ಅಂದು ರಾತ್ರಿ ಊಟಕ್ಕೆ ಕೂತಾಗ, “ಬಸ್ ತಡ ಆಯ್ತಾ?” ಎಂದರು ಅತ್ತೆ. “ಹೂಂ ಅತ್ತೆ. ನಿಮ್ಮ ಗೆಳತಿ ಹುಷಾರಾಗಿದ್ದಾರಾ?” ಎಂದಳು ಅವಳು. “ಅವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ.” ಒಪ್ಪಂದ ಅಲ್ಲಿಗೆ ಮುಗಿಯಿತು. ಒಂದೇ ಮನೆಯಲ್ಲಿ ಮೂವತ್ತು ವರ್ಷ ಅಡುಗೆಮನೆಯನ್ನು ಹಂಚಿಕೊಂಡ ಇಬ್ಬರು ಹೆಂಗಸರು ಪರಸ್ಪರರಿಂದ ತಪ್ಪಿಸಿಕೊಳ್ಳಲು ಬರುವ ಜಾಗವನ್ನೂ ಹಂಚಿಕೊಂಡಿದ್ದರು, ಅದಕ್ಕೆ ಮಾತ್ರ ಇದುವರೆಗೆ ಜಗಳವಾಗಿರಲಿಲ್ಲ.

ಇಂದು ಅತ್ತೆ ಕಡಲೆಕಾಯಿ ಬಿಡಿಸುತ್ತಿರಲಿಲ್ಲ. ಆಚೆ ದಡದಲ್ಲಿ ಇಬ್ಬರು ಅಳತೆಯವರು ಟೇಪು ಹಿಡಿದು ಓಡಾಡುತ್ತಿದ್ದರು. ಬೆಂಚುಗಳ ಮೇಲೆ ಒಬ್ಬ ಸುಣ್ಣದಿಂದ ಅಂಕಿ ಬರೆಯುತ್ತ ಬಂದ. ಐದನೆಯದಕ್ಕೆ ಬರೆದು ಆರನೆಯದರ ಮುಂದೆ ನಿಂತ. ಏಳಿ ಎಂದು ಅವನು ಹೇಳುತ್ತಿರುವುದು ಕೈಸನ್ನೆಯಿಂದ ಇಲ್ಲಿಗೂ ತಿಳಿಯುತ್ತಿತ್ತು. ಅತ್ತೆ ಏಳಲಿಲ್ಲ. ಕಿವಿಯ ಹಿಂದೆ ಅಂಗೈ ಇಟ್ಟು ‘ಏನಪ್ಪಾ?’ ಎಂಬಂತೆ ಬಾಗಿದರು. ಅವನು ಇನ್ನೊಮ್ಮೆ ಹೇಳಿದ. ಅತ್ತೆ ಇನ್ನಷ್ಟು ಬಾಗಿದರು. ಅತ್ತೆಯ ಕಿವಿ ಎಷ್ಟು ಚುರುಕೆಂದರೆ ಹಿತ್ತಲಲ್ಲಿ ಯಾರಾದರೂ ಅವರ ಬಗ್ಗೆ ಮನಸ್ಸಿನಲ್ಲಿ ಅಂದುಕೊಂಡರೂ ಕೇಳಿಸಿಬಿಡುತ್ತದೆ. ಅವನು ಸೋತು, ಆರನ್ನು ಬಿಟ್ಟು, ಏಳಕ್ಕೆ ಹೋದ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ತನ್ನ ಸರದಿಯೂ ಹೊಳೆಯಿತು. ಅವನು ತಿರುಗಿ ಅವಳ ದಡಕ್ಕೂ ಬರುತ್ತಾನೆ, ಎರಡನೆಯದರ ಮುಂದೆ ನಿಲ್ಲುತ್ತಾನೆ, ಅವಳು ಎದ್ದುಬಿಡುತ್ತಾಳೆ. ಕೂಡಲೇ, ಸೆರಗು ಕೊಡವಿಕೊಂಡು, ಕ್ಷಮಿಸಿ ಎಂದು ಕೂಡ ಹೇಳಿ. ಅವಳು ಅವನು ಬರುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟಳು.

ಮನೆಯಲ್ಲಿ ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅತ್ತೆ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತರು. ಗಂಡ ಹೊರಗೆ ರೇಡಿಯೋದ ಸುದ್ದಿಗೆ ಉತ್ತರ ಕೊಡುತ್ತಿದ್ದ.

“ಬಸ್ ತಡ ಆಯ್ತಾ?”

“ಹೂಂ ಅತ್ತೆ. ಗೆಳತಿ ಹೇಗಿದ್ದಾರೆ?”

“ಏನು ಹೇಳ್ಲಿ, ಅವಳ ಮನೆ ಒಡೀತಾರಂತೆ.”

ಅವಳ ಕೈ ನಿಂತಿತು.

“ಯಾರು ಅತ್ತೆ?”

“ಯಾರೋ. ಅಳತೆ ಹಿಡ್ಕೊಂಡು ಬಂದಿದ್ರು. ಬೆಂಚಿಗೆಲ್ಲ ನಂಬರ್ ಹಾಕಿ ಹೋದ್ರು.”

“ಗೆಳತಿ ಮನೇಲಿ ಬೆಂಚಾ?”

ಅತ್ತೆ ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ತೆಗೆದರು. “ದೊಡ್ಡ ಮನೆ ಕಣೇ. ಬೇಕಾದಷ್ಟು ಬೆಂಚಿದೆ. ಎಂಟು.” ನಾರನ್ನು ಪಕ್ಕಕ್ಕಿಟ್ಟು, “ಅಲ್ಲಿ ಕೂತ್ರೆ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ ಒಂದು ಪ್ರಾಣಿನೂ ಕೇಳಲ್ಲ. ನಿನ್ನನ್ನೇ ಹೇಳ್ತಿಲ್ಲ, ನಿನ್ನ ಗಂಡನ್ನೂ ಸೇರಿಸಿ ಹೇಳ್ತಿದ್ದೀನಿ,” ಎಂದರು. ಮತ್ತೆ, ಗೋಡೆಯ ಮೇಲಿನ ಉದ್ದಕಾಲಿನ ಕೋಳಿಯನ್ನು ನೋಡುತ್ತ, “ನೀನು ಎಲ್ಲಾ ಸರಿಯಾಗೇ ಮಾಡೋಳು. ಒಂದು ಉಪ್ಪು ಹೆಚ್ಚಿಲ್ಲ, ಒಂದು ಹುಳಿ ಕಮ್ಮಿಯಿಲ್ಲ. ಜನ್ಮಕ್ಕೆ ಒಂದೇ ಒಂದು ಚೆಂದದ ತಪ್ಪು ಮಾಡಿದ್ದೆ, ಅದನ್ನೂ ತಿದ್ದಿಸ್ತಾರಂತೆ. ಎಂಥ ಜನನೋ,” ಎಂದರು.

ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಬೆಂಚುಗಳಿಗೆ ಕಿವಿಯಿರುತ್ತದೆ, ಆ ಮೇಷ್ಟ್ರ ಕೊಡೆಗೆ ಬಾಯಿಯಿರುತ್ತದೆ. ಅತ್ತೆ ನಾರುಗಳನ್ನೆಲ್ಲ ಒಟ್ಟುಮಾಡಿ ಎದ್ದು ಹೋದರು. ಅವಳು ಚಾಕು ಕೆಳಗಿಟ್ಟಳು. ಚೆಂದದ ತಪ್ಪು. ಅದು ಚೆಂದದ್ದೂ ಆಗಿರಲಿಲ್ಲ, ತನ್ನದೂ ಆಗಿರಲಿಲ್ಲ, ಅದು ಚಪ್ಪಲಿಯದು. ಇಷ್ಟು ವರ್ಷ ಬೈಗುಳವನ್ನೂ ಹೊಗಳಿಕೆಯನ್ನೂ ಆ ಹರಿದ ಚಪ್ಪಲಿಯ ಪರವಾಗಿ ತಾನು ಹೊತ್ತುಕೊಂಡು ತಿರುಗಿದ್ದಳು. ತನ್ನದೇ ಎನ್ನುವ ತಪ್ಪೊಂದನ್ನು ಅವಳು ಇನ್ನೂ ಮಾಡಿಯೇ ಇಲ್ಲ. ನಾಳೆ ಎಂಟೂವರೆಯ ಬಸ್ಸಿಗೆ ಹೋದರೆ ಕಚೇರಿಯಲ್ಲಿ ಕಸ ಗುಡಿಸುವವಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಒಂದು ಹಾಳೆ ಹೊಸದಾಗಿ ಹೊಡೆಯಲು ಎರಡು ನಿಮಿಷ. ಎರಡೂ ಪದ ಇರುತ್ತದೆ, ಅದಲುಬದಲಾಗಿ. ‘ಎಂದು ಓದಿಕೊಳ್ಳತಕ್ಕದ್ದು’ ಕೂಡ ಇರುತ್ತದೆ. ಉಗುರು ಎರಡು ಸಲ ಗೀರುತ್ತದೆ, ಹನ್ನೊಂದೂವರೆಗೆ ಇಪ್ಪತ್ತೇಳು ಕೈಗಳು ಒಟ್ಟಿಗೆ ಏಳುತ್ತವೆ. ಒಂದು ನಿರ್ಣಯಕ್ಕೆ ಒಂದೇ ತಿದ್ದೋಲೆ. ಆಮೇಲೆ ಎಂದಾದರೂ ಯಾರಾದರೂ ಕಣ್ಣಿನಿಂದ ಓದಿದಾಗ ಊರನ್ನೆಲ್ಲ ಕರೆದು ಕೂರಿಸಿ ಕೇಳಲಿ, ಆರನೇ ಬೆಂಚಿನಿಂದ ಎದ್ದು ಬಂದು ಉತ್ತರ ಹೇಳುವವರು ಇದ್ದಾರೆ. ಕಚೇರಿ ಬಿದ್ದು ಬಿದ್ದು ನಗುತ್ತದೆ, ಹಕ್ಕಿ ಮೇಡಂ ಮತ್ತೆ ಎಡವಿದರು ನೋಡಿ ಎಂದು. ನಗಲಿ. ಆ ಹೇಳಿಕೆಯ ನೆನಪಾಯಿತು. ‘ಅಜಾಗರೂಕತೆಯಿಂದ’. ಮೊದಲಿನ ಆ ಒಂದು ‘ಅ’ ತೆಗೆದುಬಿಟ್ಟರೆ ನಾಳೆಯ ತಪ್ಪಿನ ಮಟ್ಟಿಗೆ ಅದು ಅಕ್ಷರಶಃ ನಿಜವಾಗುತ್ತದೆ! ಕಣ್ಣ ಮುಂದೆ ಆ ಪದ ತಲೆಯಿಲ್ಲದೆ ನಿಂತು ಅವಳನ್ನು ಕೆಣಕಿತು. ಆಸೆಯಾಯಿತು. ಬೇಡ. ‘ಅ’ ಇದ್ದಲ್ಲೇ ಇರಲಿ. ಅದರ ನೆರಳಿನಲ್ಲಿ ಕೂರಲು ಜಾಗ ಬೇಕಾದಷ್ಟಿದೆ.

ಬೆರಳುಗಳಿಗೆ ಹೇಳಿಕೊಡಬೇಕಿತ್ತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಒಲೆಯ ಪಕ್ಕದ ಕಟ್ಟೆಯ ಮೇಲೆ, ಹುರುಳಿಕಾಯಿ ಚೂರುಗಳ ನಡುವೆ, ಮೆಲ್ಲಗೆ ಬಡಿದಳು. ಮೊದಲು ಕೊಂಬು, ಆಮೇಲೆ ಗುಡಿಸು. ಬೆರಳು ಹಿಂಜರಿಯಿತು. ಇನ್ನೊಮ್ಮೆ. ಮೊದಲು ಕೊಂಬು. ಆಮೇಲೆ ಗುಡಿಸು. ಐದನೇ ಸಲಕ್ಕೆ ಅವು ಹಾದಿಗೆ ಬಂದವು.

“ಒಬ್ಬಳೇ ಏನೇ ಟಕಟಕ?” ಎಂದರು ಅತ್ತೆ ಹೊರಗಿನಿಂದ. ಕಿವಿ ಅಷ್ಟು ಚುರುಕು.

“ಏನಿಲ್ಲ ಅತ್ತೆ,” ಎಂದಳು ಅವಳು. “ನಾಳೆ ಸ್ವಲ್ಪ ಬೇಗ ಹೋಗ್ಬೇಕು. ಅಷ್ಟೇ.”